ದುರ್ಗದ ಅರಮನೆಯನ್ನು ಮತ್ತೆ ಕಟ್ಟಬೇಕಾ?

ಪರ: ಮಣ್ಣಿನ ಗೋಡೆ ತೋರಿಸಿ ಸಾಕಾಗಿದೆ

ನಾನು ಚಿತ್ರದುರ್ಗದವಳು. ಮದುವೆಯಾಗಿ ಬೆಂಗಳೂರು ಸೇರಿ ಇಪ್ಪತ್ತು ವರ್ಷವಾಯಿತು. ನೆಂಟರನ್ನು ಕೋಟೆಗೆ ಕರೆದೊಯ್ಯುವ ಕೆಲಸ ಮಾತ್ರ ಇಂದಿಗೂ ನನ್ನದೇ.

ಕಳೆದ ದೀಪಾವಳಿಗೆ ನಾದಿನಿಯ ಮಗ ಬಂದಿದ್ದ. ಎಂಟು ವರ್ಷದವನು. ಓಬವ್ವನ ಕಿಂಡಿ ಎದುರು ಒನಕೆ ಹಿಡಿದವರ ಹಾಗೆ ಕೈ ಎತ್ತಿ ಫೋಟೊ ತೆಗೆಸಿಕೊಂಡ. ಮೇಲೆ ಹೋದ ಮೇಲೆ ಕೇಳಿದ, "ಅತ್ತೆ, ರಾಜನ ಮನೆ ಎಲ್ಲಿ?" ಮಳೆಗೆ ಕರಗಿ ನಿಂತ ಮಣ್ಣಿನ ಗೋಡೆಗಳ ಕಡೆ ಕೈ ತೋರಿಸಿದೆ. "ಇದಾ? ಬಿದ್ದಿದ್ದನ್ನ ಯಾಕೆ ಮತ್ತೆ ಕಟ್ಟಲಿಲ್ಲ?" ಅಂದ. ನೀರಿನ ಬಾಟಲಿ ಕೊಟ್ಟು ಮಾತು ತಪ್ಪಿಸಿದೆ.

1779ರಲ್ಲಿ ಹೈದರಾಲಿ ದುರ್ಗ ಹಿಡಿದು ಮದಕರಿ ನಾಯಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಮನೆಯವರೇ ಇಲ್ಲದ ಮಣ್ಣಿನ ಮನೆ ಎಷ್ಟು ಮಳೆಗಾಲ ತಡೆದೀತು? ಹಳ್ಳಿಯಲ್ಲಿದ್ದ ನಮ್ಮಜ್ಜಿಯ ಮನೆ ಬೀಗ ಹಾಕಿದ ಮೂರನೇ ವರ್ಷಕ್ಕೇ ಕುಸಿಯಿತು. ಅಪ್ಪ, ಚಿಕ್ಕಪ್ಪ ಸೇರಿ ಅದೇ ಪಾಯದ ಮೇಲೆ ಮತ್ತೆ ಕಟ್ಟಿಸಿದರು. ದೇವರ ಕೋಣೆ ಇದ್ದಲ್ಲೇ ದೇವರ ಕೋಣೆ, ಒಲೆ ಇದ್ದಲ್ಲೇ ಒಲೆ. ಗೋಡೆಗೆ ಮಾತ್ರ ಮಣ್ಣಿನ ಬದಲು ಇಟ್ಟಿಗೆ. ಹಾಲುಕ್ಕಿಸಿದ ದಿನ ಅಜ್ಜಿ ಕತ್ತಲಲ್ಲೇ ಎದ್ದು, ದೀಪವಿಲ್ಲದೆ, ಗೋಡೆ ತಡವದೆ, ನೇರ ಬಚ್ಚಲಿಗೆ ನಡೆದರು. ಅದು ಬೇರೆ ಮನೆ ಅಂತ ಅವರಿಗೆ ಹೇಳುವ ಧೈರ್ಯ ಯಾರಿಗಿತ್ತು?

ಮೈಸೂರು ನೋಡಿ. 1897ರಲ್ಲಿ ಮರದ ಅರಮನೆ ಸುಟ್ಟುಹೋಯಿತು. 1912ರ ಹೊತ್ತಿಗೆ ಹೊಸದು ಎದ್ದಿತು. ದಸರಾ ದೀಪ ನೋಡಲು ಹೋದವರು ಯಾರಾದರೂ 'ಇದು ಅಸಲಿ ಅಲ್ಲ' ಅಂತ ವಾಪಸ್ ಬಂದಿದ್ದಾರಾ? ಮೈಸೂರಿಗೆ ಆಗಿದ್ದು ದುರ್ಗಕ್ಕೆ ಯಾಕಾಗಬಾರದು?

ಹಳೇ ನಕ್ಷೆ ಎಲ್ಲಿದೆ ಎಂದು ಕೇಳುವ ಪಂಡಿತರಿದ್ದಾರೆ. ಅವರಿಗೆ ಬೇಕಾದ್ದು ಕೋಟೆಯಲ್ಲ, ಫೈಲು. ಬಿರುಕು ಬಿಟ್ಟ ಗೋಡೆ ಕಂಡರೆ 'ಆಹಾ' ಅಂತಾರೆ. ತಮ್ಮ ಮನೆ ಸೂರು ಸೋರಿದರೆ ಮಾತ್ರ ಅವತ್ತೇ ಮೇಸ್ತ್ರಿಗೆ ಫೋನ್ ಮಾಡುತ್ತಾರೆ. ದುರ್ಗದಲ್ಲಿ ಕಲ್ಲಿಗೆ ಬರವಾ, ಮಣ್ಣಿಗೆ ಬರವಾ? ಮೈಸೂರಿಗೆ ಆಗಿದ್ದು ನಮಗೂ ಆಗಲಿ.

ವಿರೋಧ: ಯಾವ ಕಾಲದ ಅರಮನೆ?

ವಿರೋಧ ಬರೆಯಲು ಯಾರೂ ಸಿಗಲಿಲ್ಲವಂತೆ, ನನ್ನ ತಲೆಗೆ ಬಂತು. ನಿಜ ಹೇಳಬೇಕೆಂದರೆ ಅರಮನೆ ಎದ್ದರೆ ಮೊದಲ ದಿನವೇ ಟಿಕೆಟ್ ತೆಗೆಯುವವರಲ್ಲಿ ನಾನೂ ಒಬ್ಬ. ಆದರೂ ಒಪ್ಪಿಕೊಂಡ ಕೆಲಸ.

ಕಟ್ಟುವುದಾದರೆ ಯಾವ ಕಾಲದ್ದನ್ನು? ಹೊಯ್ಸಳರ ಕಾಲದಲ್ಲಿ ಈ ಊರು ಬೆಮ್ಮತ್ತನಕಲ್ಲು. ಆಮೇಲೆ ವಿಜಯನಗರದವರು, ನಾಯಕರು. ಗೆದ್ದ ಹೈದರ್, ಅವನ ನಂತರ ಟಿಪ್ಪು, ಕೋಟೆಯನ್ನು ಇನ್ನಷ್ಟು ಬಲಪಡಿಸಿದರು. ಟಿಪ್ಪು ಸತ್ತ ಮೇಲೆ ಬ್ರಿಟಿಷರ ಪಡೆಯೂ ಇಲ್ಲಿತ್ತು. ನಾಯಕರ ಅರಮನೆ ಎದ್ದರೆ ಮಿಕ್ಕವರ ಗುರುತು ಏನು ಮಾಡೋಣ? ಜಗಳ ಅಲ್ಲೇ ಶುರು.

ಮೈಸೂರಿನ ಮಾತು ಬಂದೇ ಬರುತ್ತದೆ. ಅಲ್ಲಿ ಒಳಗೆ ಇರಲು ರಾಜಮನೆತನವಿತ್ತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಮಾಡಿದ್ದು ಹೊಸ ಅರಮನೆ, ಸುಟ್ಟದ್ದರ ನಕಲಲ್ಲ. ದುರ್ಗದಲ್ಲಿ ಕಟ್ಟಿ ಎನ್ನುವವರಿಗೆ ಬೇಕಾದ್ದು ಸಿನಿಮಾ ಸೆಟ್ಟು. ಬಾಗಿಲಲ್ಲಿ ಫೈಬರ್ ಆನೆ, ಒಳಗೆ ಬಣ್ಣದ ಲೈಟು, ಪಕ್ಕದಲ್ಲಿ ಗೋಬಿ ಅಂಗಡಿ.

ಕಾನೂನೂ ಇದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. ಸುತ್ತಲೇ ಹೀಗಿರುವಾಗ ಕೋಟೆಯ ಒಳಗೇ ಅರಮನೆ ಕಟ್ಟುವುದು ಹೇಗೆ?

ಅಲ್ಲಿ ನೋಡಲು ಇರುವುದೇ ಜಾಸ್ತಿ. ಸಿಡಿಮದ್ದು ಬೀಸುವ ಕಲ್ಲುಗಳಿವೆ. ಎಣ್ಣೆ ಕೊಳ, ಕಣಜ, ಒಂಟಿ ಕಂಬ ಇವೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಹೊಂಡಗಳಿಗೆ. ಬೆಟ್ಟದ ಮೇಲೆ ಬಿದ್ದ ಹನಿಯನ್ನೂ ಸುಮ್ನೆ ಬಿಟ್ಟವರಲ್ಲ ಅವರು. ಆ ಕಾಲುವೆಗಳ ಹೂಳು ತೆಗೆಸಲು ಖರ್ಚು ಮಾಡಿದರೂ ನನಗೆ ಸಂತೋಷವೇ.

ಉಳಿದಿರುವ ಮಣ್ಣಿನ ಗೋಡೆಗಳಿಗೆ ಮಳೆ ಬೀಳದ ಹಾಗೆ ಮೇಲೊಂದು ಸೂರು ಹಾಕಬಹುದು. ಅದನ್ನೂ ಕಟ್ಟಡ ಅಂತ ಲೆಕ್ಕ ಹಿಡಿದರೆ ನಾನು ಆಗಲೇ ಆ ಕಡೆ ಸೇರಿದ ಹಾಗಾಯಿತು.