ಕರೆಂಟ್ ಪ್ಲಾಂಟ್ ಕಟ್ಟೋ ಮುಂದ ಕೆಟ್ಟ ದಿನಾನೂ ಲೆಕ್ಕಕ್ಕ ಹಿಡೀರಿ

ನಮ್ಮೂರು ಅಫಜಲಪುರ ತಾಲೂಕಿನ ಭೀಮಾ ದಂಡಿ, ನಾ ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ಗೆ ಬಂದು ಹನ್ನೊಂದು ವರ್ಷ ಆಯ್ತು. 2021ರ ಫೆಬ್ರವರಿ ಚಳಿಯಾಗ ನಮ್ಮನ್ಯಾಗ ಎರಡು ದಿನ ಕರೆಂಟ್ ಇರ್ಲಿಲ್ಲ, ಅವ್ವ ಹೊಲಿದು ಕೊಟ್ಟ ಕೌದಿ ಮಗಳಿಗೆ ಹೊಚ್ಚಿ ನಡುವ ಮಲಗಿಸ್ಕೊಂಡಿದ್ವಿ, ಮನಿ ಒಳಗೇ ಬಾಯಿಂದ ಹೊಗಿ ಬರ್ತಿತ್ತು.

ಟೆಕ್ಸಾಸ್‌ನಾಗ ಎಷ್ಟು ಪ್ಲಾಂಟ್ ಕಟ್ಬೇಕಂತ ಸರ್ಕಾರ ಹೇಳಂಗಿಲ್ಲ. ಮುಖ್ಯವಾಗಿ ಮಾರಿದ ಯೂನಿಟ್‌ಗೆ ರೊಕ್ಕ, ವರ್ಷಪೂರ್ತಿ ತಯಾರಾಗಿ ನಿಂತಿದ್ದಕ್ಕಂತ ಬ್ಯಾರೆ ರೊಕ್ಕ ಇಲ್ಲ. ಕರೆಂಟ್ ಕಡಿಮಿ ಬಿದ್ರ ರೇಟ್ ಏರ್ತದ, ಆ ಆಸಿಗೆ ಬಂಡವಾಳದವರು ತಾವೇ ಕಟ್ತಾರ ಅನ್ನೋದು ಇಲ್ಲಿಯವರ ನಂಬಿಕಿ. ಆ ಚಳಿಯಾಗ ಹೋಲ್‌ಸೇಲ್ ರೇಟ್ ಯೂನಿಟ್‌ಗೆ 9 ಡಾಲರ್ ಆಗಿ ದಿನಗಟ್ಟಲೆ ಅಲ್ಲೇ ನಿಂತ್ಕೊಂಡ್ತು, ಆದ್ರ ಪ್ಲಾಂಟ್‌ಗೆ ಗ್ಯಾಸ್ ಕೊಡೋ ಬಾವಿ, ಪೈಪ್ ಹೆಪ್ಪುಗಟ್ಟಿದ ಮ್ಯಾಲ ರೇಟ್ ಎಷ್ಟಾದ್ರ ಏನು, ಎಷ್ಟೋ ಪ್ಲಾಂಟ್ ಓಡ್ಲಿಲ್ಲ. 200ಕ್ಕಿಂತ ಹೆಚ್ಚು ಮಂದಿ ಸತ್ರು. 2011ರಾಗೂ ಚಳಿಗೆ ಇಂಥಾದ್ದೇ ಆಗಿತ್ತು, ಆದ್ರೂ ಹತ್ತು ವರ್ಷಕ್ಕೊಮ್ಮೆ ಬರೋ ರಾತ್ರಿಗೋಸ್ಕರ ಬಹಳ ಮಂದಿ ರೊಕ್ಕ ಹಾಕಿರ್ಲಿಲ್ಲ.

ನಮ್ಮ ಕಡಿ ಪದ್ಧತಿ ಪೂರಾ ಉಲ್ಟಾ. ಕರೆಂಟ್ ಹಂಚೋ ಎಸ್ಕಾಂಗಳು ಹೆಚ್ಚಾಗಿ 25 ವರ್ಷದ ಕರಾರು ಮಾಡ್ಕೋತಾವ, ಪ್ಲಾಂಟ್ ತಯಾರಿದ್ರ ಸಾಕು, ಕರೆಂಟ್ ತಗೊಳ್ಳಲಿ ಬಿಡಲಿ ಫಿಕ್ಸೆಡ್ ಚಾರ್ಜ್ ಕೊಡ್ಲೇಬೇಕು, ಬೇಡಿಕಿ ಅಂದಾಜು ತಪ್ಪಿದ್ರ ಅದು ಬಿಲ್ ಕಟ್ಟೋರ ತಲಿ ಮ್ಯಾಲೇ. ಇಷ್ಟು ಕೊಟ್ಟೂ 2023ರ ಬರಗಾಲದಾಗ ಏನಾಯ್ತು? ಡ್ಯಾಮಿನಾಗ ನೀರಿಲ್ಲ, ಮಳಿ ಇಲ್ಲಂತ ಪಂಪ್‌ಸೆಟ್ ಎಲ್ಲಾ ಒಮ್ಮೆಲೇ ಚಾಲೂ, ಕಡೀಗೆ ಸರ್ಕಾರ ವಿದ್ಯುತ್ ಕಾಯ್ದೆ 11ನೇ ಸೆಕ್ಷನ್ ಹಚ್ಚಿ ಖಾಸಗಿ ಪ್ಲಾಂಟ್‌ನೋರಿಗೆ ರಾಜ್ಯಕ್ಕೇ ಕೊಡ್ರಿ ಅನ್ಬೇಕಾಯ್ತು. ಅಣ್ಣ ಆಗ ಫೋನ್‌ನಾಗ, "ತ್ರೀ ಫೇಸ್ ರಾತ್ರಿ ಎರಡಕ್ಕ ಬಿಡ್ತಾರೋ ತಮ್ಮಾ, ಬ್ಯಾಟ್ರಿ ಹಿಡ್ಕೊಂಡು ಕಬ್ಬಿನಾಗ ಹೋಗ್ಬೇಕು, ಹಾವಿನ ಅಂಜಿಕಿ" ಅಂದ. ಅವತ್ತು ನನಗ ನಿದ್ದಿ ಹತ್ಲಿಲ್ಲ.

ನನಗ ಸರಿ ಅನ್ಸೋದು ಅಮೆರಿಕದ ಪೂರ್ವದ ಕಡಿ ಪಿಜೆಎಂ ಅನ್ನೋ ಗ್ರಿಡ್, ಅಂದ್ರ ಹಲವು ರಾಜ್ಯಗಳ ಕರೆಂಟ್ ಜಾಲ, ಮಾಡೋ ರೀತಿ. ಇಂಥಾ ವರ್ಷಕ್ಕ ಇಷ್ಟು ಮೆಗಾವ್ಯಾಟ್ ತಯಾರಿರ್ಬೇಕಂತ ಮುಂಚೇನೇ ಹರಾಜು ಹಾಕ್ತಾರ, ತಯಾರಿದ್ದಿದ್ದಕ್ಕೂ ರೊಕ್ಕ ಕೊಡ್ತಾರ, ಕರೆದಾಗ ಬರ್ಲಿಲ್ಲಂದ್ರ ದಂಡ. 2022ರ ಡಿಸೆಂಬರ್ ಚಳಿಯಾಗ ಕೈಕೊಟ್ಟವರಿಗೆ 100 ಕೋಟಿ ಡಾಲರ್ ಮೀರಿ ದಂಡ ಬಿತ್ತು. ಅಲ್ಲೂ ರೇಟ್ ಏರಿ ಮಂದಿ ಬೈತಾರ, ಖರೇ, ಆದ್ರ ಕೊಟ್ಟ ರೊಕ್ಕಕ್ಕ ಜವಾಬ್ದಾರಿ ಅಂತೂ ಅದ. ನಮ್ಮ ಫಿಕ್ಸೆಡ್ ಚಾರ್ಜ್‌ಗೂ ಆ ಬಿಗಿ ಬರ್ಬೇಕು.

ಸೋಲಾರ್ ನನಗೂ ಬೇಕು, ನಮ್ಮ ಕಲಬುರಗಿ ಬಿಸಿಲಿಗೆ ಏನ್ ಕಡಿಮಿ ಅದ ಹೇಳ್ರಿ. ಆದ್ರ ಹೊಸಾ ಮೆಗಾವ್ಯಾಟ್ ಸುದ್ದಿ ಬಂದಾಗೆಲ್ಲಾ ನಾ ಕೇಳೋದು, ಮಳಿ ಇಲ್ಲದ ಅಕ್ಟೋಬರ್‌ನಾಗ ರಾತ್ರಿ ಎಂಟಕ್ಕ ಅದ್ರಾಗ ಎಷ್ಟು ಸಿಗ್ತದ?