ನೀರು ಸೇರಿದ ಆಯಿಲ್ ಮೇಲೆ ಹೊಸ ಆಯಿಲ್ ಯಾರ್ರೀ ಹಾಕ್ತಾರೆ?

ಸೋಪು ಹಾಕಿ ತಿಕ್ಕಿದರೂ ಗೇರ್ ಆಯಿಲ್ ವಾಸನೆ ಬೆರಳು ಬಿಡುತ್ತಿಲ್ಲ. ಗಂಧಕದ ವಾಸನೆ ಅದು. ಊಟಕ್ಕೆ ಕೂತರೆ ರೊಟ್ಟಿಗೂ ಅದೇ. ಹೊಟ್ಟೆ ಉರಿಯುತ್ತಿದೆ, ಬರೆಯದೆ ನಿದ್ದೆ ಬರುವುದಿಲ್ಲ.

ಗ್ಯಾರೇಜ್‌ನವರಿಗೆ ನಾನು ಹೇಳಿದ್ದು ಒಂದೇ ಕೆಲಸ. ಹಿಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಗೇರ್ ಕೂತಿರುವ ಹೌಸಿಂಗ್ ಇದೆಯಲ್ಲ, ಅದರಲ್ಲಿ ಆಯಿಲ್ ತುಂಬುವ ಫಿಲ್ಲರ್ ಬೋಲ್ಟ್ ಬಿಚ್ಚಿ ಆಯಿಲ್ ನೋಡಿ, ಅಷ್ಟೇ. ಹಳ್ಳ ದಾಟಿ ಬಂದ ಬೊಲೆರೊ ಅದು. ಮಳೆ ಆದಾಗ ಚಿತ್ತಾಪುರದ ಕಡೆ ಹೊಲದ ದಾರಿ ಹೇಗಿರುತ್ತದೆ ಅಂತ ಕಲಬುರಗಿಯವರಿಗೆ ಹೇಳಬೇಕಾ? ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಪರಸಿ ಕಲ್ಲು ಹೌಸಿಂಗ್‌ಗೆ ಬಡಿಯುತ್ತದೆ. ಆಮೇಲೆ ಹಳ್ಳ. ಓಡಿ ಕಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಗಾಳಿ ಆಡುವ ಬ್ರೀದರ್‌ನಿಂದಲೋ ಸೀಲ್‌ನಿಂದಲೋ ನೀರು ಎಳೆದುಕೊಳ್ಳುತ್ತದೆ. ಅದಕ್ಕೇ ನೋಡಿ ಅಂದೆ. ತಪ್ಪೇನು?

ಅವರು ಹಿಂದಿನ ಚಕ್ರ ಮಾತ್ರ ಜಾಕ್ ಮೇಲೆ ಎತ್ತಿದ್ದರು. ಗಾಡಿ ಸಮ ಜಾಗದಲ್ಲಿ ನಿಂತಿರಬೇಕು. ಆಯಿಲ್ ಫಿಲ್ಲರ್ ತೂತಿನ ಕೆಳಗಿನ ಅಂಚಿಗೆ ಬಂದಿದ್ದರೆ ಲೆವೆಲ್ ಸರಿ. ಓರೆಯಾಗಿ ನಿಲ್ಲಿಸಿ ನೋಡಿದರೆ ಸುಳ್ಳು ಲೆವೆಲ್ ಕಾಣುತ್ತದೆ. ಇಷ್ಟು ಹೇಳಿದ್ದಕ್ಕೆ ಮಿಸ್ತ್ರಿ ಎದ್ದು ನಿಂತು, "ಭಾಳ ಶಾಣ್ಯಾ ಇದ್ದೀರಿ ಸಾಹೇಬ್ರ, ನೀವೇ ಬೆರಳು ಹಾಕಿ ನೋಡ್ರಿ" ಅಂದ.

ಎಲ್ಲರೂ ನಕ್ಕರು. ಬೆಂಚಿನ ಮೇಲೆ ನಮ್ಮೂರಿನವರೂ ಕೂತಿದ್ದರು. ನನ್ನ ಅಕ್ಕನ ಮಗ ಪಕ್ಕದಲ್ಲೇ ನಿಂತಿದ್ದ.

ನಾನು ನೆಲದ ಮೇಲೆ ಮಲಗಿ ಕೆಳಗೆ ಹೋದೆ. ತೂತಿನಲ್ಲಿ ಬೆರಳು ಹಾಕಿ ಬಗ್ಗಿಸಿದೆ. ಹೊರಗೆ ತೆಗೆದರೆ ಹಾಲು ಹಾಕಿದ ಚಹಾ ಬಣ್ಣ! ನೀರು ಸೇರಿದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಎದ್ದು ಬಂದು ಬೆರಳನ್ನು ಅವನ ಮುಖದ ಮುಂದೆ ಹಿಡಿದೆ. ನೋಡಿದ. ಸರಿಯಾಗಿ ನೋಡಿದ. "ಹಳೇ ಆಯಿಲ್ ಹಂಗೇ ಇರ್ತದ್ರಿ" ಅಂದ. ಹಳೇ ಆಯಿಲ್ ಕಪ್ಪಾಗುತ್ತದೆ, ಬೆಳ್ಳಗಾಗುವುದಿಲ್ಲ ಅಂದೆ. "ಮೊಬೈಲ್‌ನಾಗ ನೋಡಿ ಬಂದು ನಮಗ ಕಲಸ್ತೀರೇನ್ರಿ?" ಮತ್ತೆ ನಗು. ನಾನು ಬೆರಳು ಚಾಚಿಕೊಂಡೇ ನಿಂತಿದ್ದೆ. ಒರೆಸಿಕೊಳ್ಳಲು ಒಂದು ಬಟ್ಟೆ ತುಂಡು ಕೂಡ ಯಾರೂ ಕೊಡಲಿಲ್ಲ. ಅಷ್ಟರಲ್ಲಿ ಗ್ಯಾರೇಜ್ ಹುಡುಗ ಚೀಟಿ ಇಲ್ಲದ ಡಬ್ಬಿಯಿಂದ ಅದರ ಮೇಲೇ ಹೊಸ ಆಯಿಲ್ ತುಂಬಿಬಿಟ್ಟ. "ಟಾಪ್ ಅಪ್ ಆತ್ರಿ." ಯಾವ ಗ್ರೇಡ್ ಅಂತ ಕೇಳಿದೆ. "ಗೇರ್ ಆಯಿಲ್ ರೀ" ಅಂದ. ಅದು ಉತ್ತರವಾ?

ದುಡ್ಡು ಕೊಟ್ಟೆ. ಕೊಡದಿದ್ದರೆ ಕೀಲಿ ಕೊಡುತ್ತಿರಲಿಲ್ಲ.

ನೀರು ಸೇರಿದರೆ ಪೂರ್ತಿ ಇಳಿಸಬೇಕು ರೀ, ಮೇಲೆ ಸುರಿಯುವುದಲ್ಲ. ಆ ನೀರು ಒಳಗಿನ ಕ್ರೌನ್, ಪಿನಿಯನ್ ಗೇರ್, ಬೇರಿಂಗ್ ಎಲ್ಲ ತಿನ್ನುತ್ತದೆ. ಜಾಸ್ತಿ ತುಂಬಿದರೂ ಕೇಡೇ. ನೊರೆ ಎದ್ದು ಸೀಲ್ ಕಡೆಯಿಂದ ಹೊರಗೆ ಬರುತ್ತದೆ, ಹಿಂದಿನ ಬ್ರೇಕ್ ಡ್ರಮ್‌ಗೂ ಇಳಿಯಬಹುದು. ಬ್ರೀದರ್‌ಗೆ ಎರೆಮಣ್ಣು ಮೆತ್ತಿದ್ದರೆ ಒತ್ತಡ ಇನ್ನೂ ಜಾಸ್ತಿ. ಆ ಬ್ರೀದರ್ ಯಾರಾದರೂ ಮುಟ್ಟಿದರಾ? ಆಯಿಲ್ ಇಳಿಸುವ ಡ್ರೈನ್ ಬೋಲ್ಟ್‌ನ ಮ್ಯಾಗ್ನೆಟ್ ನೋಡಿದರಾ? ಅದಕ್ಕೆ ನುಣ್ಣನೆ ಪುಡಿ ಅಂಟಿದ್ದರೆ ಪರವಾಗಿಲ್ಲ, ಲೋಹದ ಚೂರು ಇದ್ದರೆ ಗೇರ್ ಹಲ್ಲೋ ಬೇರಿಂಗೋ ಮುರಿಯುತ್ತಿರಬಹುದು. ಇದನ್ನೆಲ್ಲ ನೋಡುವುದು ಅವರ ಕೆಲಸ. ಹೇಳಬೇಕಾಗಿ ಬಂದಿದ್ದು ನಾನು, ನಗೆಪಾಟಲಾಗಿದ್ದೂ ನಾನು.

ಇನ್ನು ಜನ್ಮದಲ್ಲಿ ಆ ಗ್ಯಾರೇಜ್‌ಗೆ ಕಾಲಿಡುವುದಿಲ್ಲ. ಆದರೆ ಎಲ್ಲಿಗೆ ಹೋಗಲಿ? ತೊಗರಿ ಹೂವಿಗೆ ಬಂದಿದೆ, ಔಷಧ ಹೊಡೆಯಬೇಕು, ಡ್ರಮ್ ಹೊತ್ತೊಯ್ಯಲು ಗಾಡಿ ಬೇಕೇ ಬೇಕು. ಬಿಡಿ, ಅದೇ ಆಯಿಲ್‌ನಲ್ಲೇ ಓಡಿಸೋಣ, ಆಗುವುದು ಆಗಲಿ ಅಂತ ಒಂದು ಕಡೆ ಅನಿಸುತ್ತದೆ. ಇಲ್ಲ, ಓಡಿಸುವುದಿಲ್ಲ. ಕ್ರೌನ್ ಪಿನಿಯನ್ ಹೋದರೆ ಖರ್ಚು ಯಾರು ಕೊಡುತ್ತಾರೆ, ಬೆಂಚಿನ ಮೇಲೆ ಕೂತು ನಕ್ಕವರಾ?

ಯಾರಾದರೂ ಉತ್ತರ ಕೊಡಿ. ಜೇವರ್ಗಿ ರಸ್ತೆಯಾದರೂ ಸರಿ, ಸೇಡಂ ರಸ್ತೆಯಾದರೂ ಸರಿ. ಡ್ರೈನ್ ಬೋಲ್ಟ್ ಮುಟ್ಟುವ ಮುಂಚೆ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡುವ, ನನ್ನ ಮುಂದೆಯೇ ಹಳೇ ಆಯಿಲ್ ಇಳಿಸಿ ತೋರಿಸುವ ಮಿಸ್ತ್ರಿ ಗೊತ್ತಿದ್ದರೆ ಹೇಳಿ. ಬೆಳಗ್ಗೆಯೇ ಗಾಡಿ ತರುತ್ತೇನೆ.