ಕಪ್ಪುಕುಳಿ ನಿಜವಾಗಿ ಇದೆಯಾ ಅಂತ ಕೇಳಿದವರಿಗೆ

"ಕಪ್ಪುಕುಳಿ ಅನ್ನೋದೆಲ್ಲ ಬರೀ ಲೆಕ್ಕ. ಯಾರೂ ಕಣ್ಣಾರೆ ಕಂಡಿಲ್ಲ. ಹಾಕಿಂಗ್ ಅವರೇ ಕೊನೆಗೆ ಇಲ್ಲ ಅಂತ ಒಪ್ಪಿಕೊಂಡರು." ಈ ವಾರ ಮೂರು ಜನ ನನಗೆ ಇದನ್ನು ಕಳಿಸಿದ್ದಾರೆ. ಕಪ್ಪುಕುಳಿ ಅಂದರೆ ಬ್ಲ್ಯಾಕ್ ಹೋಲ್, ಬೆಳಕು ಕೂಡ ತಪ್ಪಿಸಿಕೊಳ್ಳಲಾಗದಷ್ಟು ಗುರುತ್ವ ಇರುವ ವಸ್ತು. ಮೂವರೂ ಓದಿಕೊಂಡವರು, ನನಗೆ ಬೇಕಾದವರು. ಅದಕ್ಕೇ ಸುಮ್ನೆ ಬಿಡಲು ಮನಸ್ಸು ಒಪ್ಪಲಿಲ್ಲ.

ಮೊದಲು ಭೌತಶಾಸ್ತ್ರಜ್ಞ ಸ್ಟೀಫನ್ ಹಾಕಿಂಗ್ ವಿಷಯ ಮುಗಿಸಿಬಿಡುತ್ತೇನೆ. 2014ರ ಜನವರಿಯಲ್ಲಿ ಅವರದೊಂದು ಪುಟ್ಟ ಪ್ರಬಂಧ ಬಂತು. ಬೆಳಕು ಯಾವ ಕಾಲಕ್ಕೂ ದಾಟಲಾಗದ ಗಡಿ ಇರಲಿಕ್ಕಿಲ್ಲ, ಬೆಳಕನ್ನು ಬಹಳ ಕಾಲ ಹಿಡಿದಿಟ್ಟುಕೊಳ್ಳುವ ಗಡಿ ಇರಬಹುದು, ಆ ಅರ್ಥದಲ್ಲಿ ಕಪ್ಪುಕುಳಿ ಇಲ್ಲ ಅಂತ ಅದರಲ್ಲಿ ಬರೆದರು. 'ಆ ಅರ್ಥದಲ್ಲಿ' ಅನ್ನುವ ಎರಡು ಪದ ಬಿದ್ದುಹೋಗಿ ಉಳಿದದ್ದು ಮಾತ್ರ ಊರೆಲ್ಲ ಸುತ್ತಿತು. ನಕ್ಷತ್ರ ಕುಸಿದು ಇಂಥ ವಸ್ತು ಆಗುವುದೇ ಇಲ್ಲ ಅಂತ ಅವರು ಹೇಳಲಿಲ್ಲ.

ಅನುಮಾನ ಪಡುವುದು ತಪ್ಪಲ್ಲ. ಐನ್‌ಸ್ಟೈನ್ ಕೂಡ ಪಟ್ಟಿದ್ದರು. ಇಂಥದ್ದು ನಿಜ ಜಗತ್ತಿನಲ್ಲಿ ಇರಲಾರದು ಅಂತ 1939ರಲ್ಲಿ ಪ್ರಬಂಧವನ್ನೇ ಬರೆದರು. ಅದೇ ವರ್ಷ ಓಪನ್‌ಹೈಮರ್ ಮತ್ತು ಸ್ನೈಡರ್ ಎಂಬ ಇಬ್ಬರು ಭೌತಶಾಸ್ತ್ರಜ್ಞರು ಐನ್‌ಸ್ಟೈನ್ ಸಮೀಕರಣಗಳನ್ನೇ ಹಿಡಿದು, ದೊಡ್ಡ ನಕ್ಷತ್ರ ಕುಸಿಯುತ್ತಾ ಹೋದರೆ ತಡೆಯುವವರೇ ಇಲ್ಲ ಅಂತ ತೋರಿಸಿದರು. ಆಗ ಯಾರ ಕೈಯಲ್ಲೂ ಸಾಕ್ಷಿ ಇರಲಿಲ್ಲ. ಈಗ ಇದೆ.

ನನ್ನ ಮನಸ್ಸು ಒಪ್ಪಿದ್ದು ಒಂದು ವಿಡಿಯೋ ನೋಡಿ. ನಮ್ಮ ಹಾಲುಹಾದಿ ಗ್ಯಾಲಕ್ಸಿಯ ನಟ್ಟನಡುವೆ, ಸುಮಾರು 27 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ, ಎಸ್2 ಅನ್ನುವ ನಕ್ಷತ್ರವಿದೆ. ಚಿಲಿ ಮತ್ತು ಹವಾಯಿಯ ದೊಡ್ಡ ದೂರದರ್ಶಕಗಳಿಂದ ಎರಡು ತಂಡಗಳು 1990ರ ದಶಕದಿಂದ ಅದರ ಬೆನ್ನು ಹತ್ತಿವೆ. ವರ್ಷ ವರ್ಷದ ಚಿತ್ರ ಜೋಡಿಸಿದರೆ ಅದು ಮೊಟ್ಟೆಯಾಕಾರದ ದಾರಿಯಲ್ಲಿ ಬರುವುದು ಕಾಣುತ್ತದೆ. ದೂರದಲ್ಲಿದ್ದಾಗ ಮೆಲ್ಲಗೆ ಚಲಿಸುತ್ತದೆ. ನಡುವಿನ ಆ ಜಾಗದ ಹತ್ತಿರ ಬಂದಂತೆ ಓಟ ಹೆಚ್ಚಿಸಿ, ಗಕ್ಕನೆ ತಿರುಗಿ, ಬಂದ ಕಡೆಗೇ ಹೊರಟುಬಿಡುತ್ತದೆ. ಒಂದು ಸುತ್ತಿಗೆ 16 ವರ್ಷ. 2018ರ ಮೇನಲ್ಲಿ ತೀರಾ ಹತ್ತಿರ ಬಂದಾಗ ವೇಗ ಸೆಕೆಂಡಿಗೆ 7,600 ಕಿ.ಮೀ. ದಾಟಿತ್ತು. ಅದನ್ನು ತಿರುಗಿಸಿದ ಜಾಗದಲ್ಲಿ ಹೊಳೆಯುವ ನಕ್ಷತ್ರ ಯಾವುದೂ ಇಲ್ಲ. ಲೆಕ್ಕ ಹಾಕಿದರೆ ಅಲ್ಲಿರುವ ತೂಕ ಮಾತ್ರ 40 ಲಕ್ಷ ಸೂರ್ಯರಿಗಿಂತ ಜಾಸ್ತಿ. ನಾನು ಆ ತಿರುವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಈ ಕೆಲಸಕ್ಕೆ ಆ ಎರಡು ತಂಡಗಳ ಮುಂದಾಳುಗಳಾದ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರ ನೊಬೆಲ್ ಬಂತು. ಪ್ರಶಸ್ತಿಯ ಒಕ್ಕಣೆ ಗಮನಿಸಿ. ಅವರ ಜೊತೆ ಪ್ರಶಸ್ತಿ ಪಡೆದ ಪೆನ್‌ರೋಸ್ ಅವರದು ಗಣಿತ, ಅಲ್ಲಿ ಕಪ್ಪುಕುಳಿ ಅನ್ನುವ ಪದವಿದೆ. ಇವರಿಬ್ಬರ ಒಕ್ಕಣೆಯಲ್ಲಿ ಭಾರೀ ತೂಕದ, ಅಡಕವಾದ ವಸ್ತು ಅಂತಷ್ಟೇ ಇದೆ. ಈ ಜಾಗ್ರತೆ ನನಗೆ ತುಂಬಾ ಇಷ್ಟ. ಎಸ್2 ಸಾಬೀತು ಮಾಡಿದ್ದು ಅಷ್ಟನ್ನೇ ಅಲ್ವಾ? ತೂಕ ಇದೆ, ಜಾಗ ಚಿಕ್ಕದು. ಕಪ್ಪುಕುಳಿಗೆ ಗಟ್ಟಿ ಮೈ ಇರುವುದಿಲ್ಲ. ಇಂಥ ವಸ್ತುಗಳಿಗೆ ನಿಜವಾಗಿ ಅದಿಲ್ಲ ಅಂತ ತಿಳಿಯಲು ಬೇರೆ ಕಡೆ ನೋಡಬೇಕು.

ನೋಡಿದ್ದಾರೆ. ನ್ಯೂಟ್ರಾನ್ ನಕ್ಷತ್ರ, ಅಂದರೆ ಕುಸಿದ ನಕ್ಷತ್ರದ ತೀರಾ ದಟ್ಟವಾದ, ಗಟ್ಟಿ ಮೈಯಿರುವ ಉಳಿಕೆ, ಪಕ್ಕದ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುತ್ತದೆ. ಅನಿಲ ಅದರ ಮೈ ಮೇಲೆ ಪದರ ಪದರವಾಗಿ ಕೂರುತ್ತದೆ, ಒತ್ತಡದಿಂದ ಬಿಸಿಯಾಗುತ್ತದೆ, ಕೊನೆಗೆ ಒಮ್ಮೆಲೇ ಹೈಡ್ರೋಜನ್ ಬಾಂಬಿನಂತೆ ಹೊತ್ತಿಕೊಳ್ಳುತ್ತದೆ. ಕೆಲವು ಸೆಕೆಂಡಿನಿಂದ ನಿಮಿಷಗಳವರೆಗೆ ಎಕ್ಸ್-ರೇ ಹೊಳಪು ನಮಗೆ ಸಿಗುತ್ತದೆ. ಮತ್ತೆ ಪದರ ಕೂರುತ್ತದೆ, ಮತ್ತೆ ಸಿಡಿಯುತ್ತದೆ. ಈಗ ಇದೇ ರೀತಿ ಅನಿಲ ನುಂಗುವ, ಆದರೆ ಇನ್ನೂ ಜಾಸ್ತಿ ತೂಕದ ವಸ್ತುಗಳನ್ನು ತೆಗೆದುಕೊಳ್ಳಿ. ಅನಿಲ ಅಲ್ಲೂ ಬೀಳುತ್ತಲೇ ಇರುತ್ತದೆ. ಆದರೆ ಈ ಸಿಡಿತ ಇಲ್ಲ. ಬಿದ್ದದ್ದು ಎಲ್ಲೋ ಕೂತಿದ್ದರೆ ಹೊತ್ತಿಕೊಳ್ಳಲೇಬೇಕಿತ್ತು. ಕೂರುವುದಕ್ಕೆ ನೆಲವೇ ಇಲ್ಲ ಅನ್ನುವುದು ಇದಕ್ಕೆ ಸರಳ ಉತ್ತರ. ಮುಂದೆ ಹೇಳುವ ಫೋಟೋಗಳಿಗಿಂತ ಈ ಮೌನವೇ ನನಗೆ ದೊಡ್ಡ ಸಾಕ್ಷಿ.

ಇನ್ನು ಸದ್ದು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು ಗುರುತ್ವದ ಅಲೆ, ಅಂದರೆ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಸಾಗುವ ಅಲೆ, ಹಿಡಿದವು. 36 ಮತ್ತು 29 ಸೂರ್ಯರಷ್ಟು ತೂಕದ ಎರಡು ವಸ್ತುಗಳು ಸುತ್ತಿ ಸುತ್ತಿ ಒಂದಾದವು. ಒಂದಾದದ್ದು 62. ಉಳಿದ 3 ಸೂರ್ಯರಷ್ಟು ತೂಕ ಅಲೆಯಾಗಿ ಹರಿದುಹೋಯಿತು. ಹೆಡ್‌ಫೋನ್ ಹಾಕಿ, ಸದ್ದಾಗಿ ಬದಲಿಸಿದ ಆ ಅಲೆಯನ್ನು ಕೇಳಿದರೆ ಅದು ಸೆಕೆಂಡಿಗಿಂತ ಕಡಿಮೆ ಹೊತ್ತಿನ ಒಂದು ಪುಟ್ಟ ಏರುದನಿ. ಅದರ ಬಾಲದಲ್ಲಿ ಬಡಿದ ಗಂಟೆಯ ನಾದ ಅಡಗುವ ಹಾಗೆ ಒಂದು ಇಳಿತ ಇದೆ. ಕಪ್ಪುಕುಳಿಯನ್ನು ಅಲೆ ತಟ್ಟಿದರೆ ಅದು ಹೀಗೇ ಮಿಡಿದು ಅಡಗುತ್ತದೆ ಅಂತ ಭೌತಶಾಸ್ತ್ರಜ್ಞ ಸಿ. ವಿ. ವಿಶ್ವೇಶ್ವರ 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಂದಾಗ ಅವರು ಇದ್ದರು. ಮುಂದಿನ ಜನವರಿಯಲ್ಲಿ ತೀರಿಕೊಂಡರು. ಅಷ್ಟಾದರೂ ಆಯಿತಲ್ಲ ಅನ್ನಿಸುತ್ತದೆ ನನಗೆ.

ಇನ್ನು ಫೋಟೋಗಳು. 2019ರಲ್ಲಿ ಬಂದ, ಎಂ87 ಅನ್ನುವ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯ ಕಿತ್ತಳೆ ಉಂಗುರ ಎಲ್ಲರಿಗೂ ಗೊತ್ತು. 2022ರಲ್ಲಿ ನಮ್ಮ ಹಾಲುಹಾದಿಯ ನಡುವಿನದರ ಚಿತ್ರವೂ ಬಂತು. 40 ಲಕ್ಷ ಸೂರ್ಯರ ತೂಕದ ಸುತ್ತ ಕಂಡ ಆ ಉಂಗುರ, ಬುಧ ಗ್ರಹ ಸೂರ್ಯನನ್ನು ಸುತ್ತುವ ದಾರಿಯ ಒಳಗೆ ಸಲೀಸಾಗಿ ಹಿಡಿಸುತ್ತದೆ.

ಹಾಗಾದರೆ ಎಲ್ಲವನ್ನೂ ನಂಬುತ್ತೇನಾ? ಇಲ್ಲ. ಕುಳಿಯ ಒಳಗೆ ಎಲ್ಲ ತೂಕವೂ ಗಾತ್ರವೇ ಇಲ್ಲದ ಒಂದು ಬಿಂದುವಿಗೆ ಸೇರುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಅಲ್ಲಿ ಸಮೀಕರಣ ಕೈಕೊಟ್ಟಿದೆ ಅಂತ ನನ್ನ ಅಭಿಪ್ರಾಯ. ಭೌತಶಾಸ್ತ್ರಜ್ಞರಲ್ಲೂ ಹೀಗೆ ಅನ್ನುವವರು ಬಹಳ. ಅನುಮಾನಕ್ಕೆ ಅಲ್ಲಿ ಬೇಕಾದಷ್ಟು ಜಾಗವಿದೆ. ಹೊರಗಡೆ ಉಳಿದಿರುವುದು ತುಂಬಾ ಕಡಿಮೆ.

ಎಸ್2 ತಿರುಗುವ ಆ ವಿಡಿಯೋ ಯುರೋಪಿಯನ್ ಸದರ್ನ್ ಅಬ್ಸರ್ವೇಟರಿಯ ಸೈಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ಫಾರ್ವರ್ಡ್ ಮಾಡುವುದಿದ್ದರೆ ದಯವಿಟ್ಟು ಅದನ್ನು ಮಾಡಿ.